ಕೇಸರಿ ಕೋತಿಯ ಸಂಸಾರ

ಚರಿತ್ರೆಯೆಂದರೆ ಪಟ್ಟಾಭಿಷೇಕ, ಯುದ್ಧ, ಕೌಲು ಕರಾರುಗಳ ಕಥೆಯೆಂದು ಭಾವಿಸುವುದು ವಾಡಿಕೆ. ಅರ್ಧ ಕಿಲೋ ಚಿಲ್ಲರೆ ತೂಗುವ ಒಂದು ಕೋತಿಗೂ ಚರಿತ್ರೆ ಉಂಟು ಎಂದರೆ ವಾಚಕರು ನಗಬಹುದು. ಆದರೆ ಉಂಟು. ಅದರಲ್ಲಿ ಮ್ಯಾಗೆಲನ್ನನ ಹಡಗುಗಳು ಬರುತ್ತವೆ, ಫ್ರಾನ್ಸ್ ದೇಶದ ಅರಮನೆ ಬರುತ್ತದೆ, ಕಬ್ಬು ಕಾಫಿಗಳ ವ್ಯಾಪಾರ ಬರುತ್ತದೆ, ಕೊನೆಗೆ ಒಂದು ಸಾಂಕ್ರಾಮಿಕ ಜ್ವರವೂ ಬರುತ್ತದೆ. ಐದು ಶತಮಾನಗಳ ಈ ಕಥೆಯಲ್ಲಿ ನಮ್ಮಂಥ ಸಂಸಾರಿಗಳು ಗಮನಿಸಬೇಕಾದ ಒಂದು ಮಾತು ಅಡಗಿದೆ. ಮನುಷ್ಯರು ಈ ಪ್ರಾಣಿಯ ಚೆಲುವನ್ನು ಕಂಡೊಡನೆಯೇ ಮೆಚ್ಚಿದರು. ಅದರ ಸಂಸಾರ ಎಂಥದೆಂದು ತಿಳಿಯಲು ಅವರಿಗೆ ನಾಲ್ಕೂವರೆ ನೂರು ವರ್ಷ ಹಿಡಿಯಿತು. ಆ ತಡದಿಂದಾದ ಕೇಡೆಷ್ಟು, ತಿಳಿದ ಮೇಲೆ ಆದ ಒಳಿತೆಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ದಕ್ಷಿಣ ಅಮೆರಿಕದ ಬ್ರೆಜಿಲ್ ಎಂದೊಡನೆ ಅಮೆಜಾನ್ ನದಿಯ ಮಹಾರಣ್ಯ ನಮ್ಮ ನೆನಪಿಗೆ ಬರುತ್ತದೆ. ಅದಕ್ಕೆ ಬಹುದೂರದಲ್ಲಿ, ಆ ದೇಶದ ಪೂರ್ವ ಕರಾವಳಿಯ ಉದ್ದಕ್ಕೂ ಅಟ್ಲಾಂಟಿಕ್ ಸಾಗರದ ಅಂಚಿಗೆ ಇನ್ನೊಂದು ಮಳೆಕಾಡು ಉಂಟು. ಆ ಕಾಡಿನಲ್ಲಿ, ಅದೂ ರಿಯೊ ಡಿ ಜನೈರೊ ಪ್ರಾಂತದ ತಗ್ಗುನೆಲದ ಭಾಗದಲ್ಲಿ ಮಾತ್ರ ಹುಟ್ಟಿ ಬೆಳೆಯುವ ಕೋತಿ ಇದು. ಪ್ರಪಂಚದ ಬೇರೆ ಯಾವ ಕಾಡಿನಲ್ಲಿಯೂ ಇದು ಸ್ವಭಾವತಃ ಇಲ್ಲ. ಇಂಗ್ಲಿಷರು ಇದನ್ನು ಗೋಲ್ಡನ್ ಲಯನ್ ಟ್ಯಾಮರಿನ್ ಎನ್ನುತ್ತಾರೆ. ಅಲ್ಲಿನ ಪೋರ್ಚುಗೀಸ್ ಭಾಷೆಯಲ್ಲಿ ಮೀಕು ಲೆಯಾಂವ್ ದೋರಾದು ಎಂದು ಹೆಸರು. ಎರಡರ ತಾತ್ಪರ್ಯವೂ ಒಂದೇ: ಹೊನ್ನಬಣ್ಣದ, ಸಿಂಹದಂಥ ಕಿರುಕೋತಿ. ಮೈಯೆಲ್ಲ ಕೆಂಪು ಮಿಶ್ರವಾದ ಚಿನ್ನದ ರೇಷ್ಮೆಗೂದಲು. ಮುಖದ ಸುತ್ತ ದಟ್ಟವಾದ ಕೇಸರ. ಮೈ ದೊಡ್ಡ ಅಳಿಲಿನಷ್ಟು, ಬಾಲ ಮೈಗಿಂತ ಉದ್ದ. ಕೇಸರವುಳ್ಳದ್ದು ಕೇಸರಿ, ಎಂದರೆ ಸಿಂಹ. ಹನುಮಂತನ ತಂದೆಯಾದ ಕಪಿಶ್ರೇಷ್ಠನಿಗೂ ಕೇಸರಿಯೆಂದೇ ಹೆಸರಲ್ಲವೆ? ಆದಕಾರಣ ನಾವು ಇದನ್ನು ಕೇಸರಿ ಕೋತಿ ಎಂದು ಕರೆಯೋಣ. ತಂದೆಯೆಂದು ಪ್ರಸಿದ್ಧನಾದ ಕಪಿಯ ಹೆಸರು ಇದಕ್ಕೆ ಎಷ್ಟು ಒಪ್ಪುತ್ತದೆಂಬುದು ಈಗಲೇ ತಿಳಿಯುತ್ತದೆ. ನಮ್ಮ ಪಶ್ಚಿಮಘಟ್ಟದ ಸಿಂಗಳೀಕದೊಡನೆ ಮಾತ್ರ ಇದನ್ನು ಬೆರಸಬಾರದು. ಸಿಂಗಳೀಕವು ಕಪ್ಪುಮೈಯ, ಬೇರೆ ವರ್ಗಕ್ಕೆ ಸೇರಿದ, ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಪ್ರಾಣಿ.

ಕೇಸರಿ ಕೋತಿಯ ದಿನಚರಿಯನ್ನು ನೋಡಿ. ಹೊತ್ತು ಮೂಡಿದ ಮೇಲೆ ಒಂದು ಮರದ ಪೊಟರೆಯಿಂದ ನಾಲ್ಕಾರು ತಲೆಗಳು ಒಂದರ ಹಿಂದೊಂದು ಹೊರಗಿಣುಕುತ್ತವೆ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆ ಸಿಕ್ಕಿದರೆ ಬಹಳ ಒಳ್ಳೆಯದು. ರಾತ್ರಿಯೆಲ್ಲ ಇಡೀ ಸಂಸಾರ ಅದರೊಳಗೆ ಒತ್ತಾಗಿ ಮಲಗಿರುತ್ತದೆ. ಬೆಚ್ಚಗಿರುವುದೂ ಆಯಿತು, ಇರುಳಿನ ಬೇಟೆಗಾರ ಪ್ರಾಣಿಗಳಿಂದ ತಪ್ಪಿಸಿಕೊಂಡದ್ದೂ ಆಯಿತು. ಹಳೆಯ ದಪ್ಪ ಮರಗಳಿಲ್ಲದ ಕಾಡಿನಲ್ಲಿ ಪೊಟರೆಯಿಲ್ಲ. ಪೊಟರೆಯಿಲ್ಲದೆಡೆಯಲ್ಲಿ ಇವಕ್ಕೆ ಬದುಕುವುದು ಕಷ್ಟ.

ಹೊರಗೆ ಬಂದವು ಮೊದಲು ಹಣ್ಣಿನ ಮರಕ್ಕೆ ಹೋಗುತ್ತವೆ. ಆಮೇಲೆ ಹುಳುಗಳ ಬೇಟೆ. ಆ ಕಾಡಿನಲ್ಲಿ ಅನಾನಸಿನ ಬಂಧುಗಳಾದ ಗಿಡಗಳು ನಮ್ಮ ಮಲೆನಾಡಿನ ಸೀತಾಳೆದಂಡೆಯ ಹಾಗೆ ಮರದ ಕೊಂಬೆಗಳ ಮೇಲೆಯೇ ಬೆಳೆಯುತ್ತವೆ. ಅವುಗಳ ಎಲೆಗಳ ಬುಡದಲ್ಲಿ ಮಳೆನೀರು ನಿಂತು ಪುಟ್ಟ ಪುಟ್ಟ ಕೊಳಗಳಾಗುತ್ತವೆ. ಮಿಡತೆ, ಜೇಡ, ಕಪ್ಪೆಮರಿ ಅಲ್ಲಿ ಅಡಗಿರುತ್ತವೆ. ಕೇಸರಿ ಕೋತಿಯ ಬೆರಳುಗಳು ಮೈಗೆ ಮೀರಿದ ಉದ್ದ. ತುದಿಯಲ್ಲಿ ಅಳಿಲಿನಂತೆ ಚೂಪಾದ ಉಗುರು. ಆ ಬೆರಳನ್ನು ಎಲೆಯ ಸಂದಿಗೆ, ತೊಗಟೆಯ ಬಿರುಕಿಗೆ ಇಳಿಬಿಟ್ಟು, ಕಣ್ಣಿಗೆ ಕಾಣದ ಹುಳುವನ್ನು ತಡಕಿ ಎಳೆಯುತ್ತದೆ. ತಿಂದ ಹಣ್ಣಿನ ಬೀಜಗಳು ನುಂಗಿದಲ್ಲಿಂದ ಎಷ್ಟೋ ದೂರದಲ್ಲಿ ಬಿದ್ದು ಮೊಳೆಯುತ್ತವೆ. ಕಾಡು ಕೋತಿಯನ್ನು ಸಾಕುವಂತೆ ಕೋತಿಯೂ ಕಾಡನ್ನು ಬೆಳೆಸುತ್ತದೆ.

ಒಂದೊಂದು ಸಂಸಾರಕ್ಕೂ ಸುಮಾರು ನೂರು ಎಕರೆ ಕಾಡು ಬೇಕು. ಇಷ್ಟು ಚಿಕ್ಕ ಪ್ರಾಣಿಗೆ ಅಷ್ಟು ದೊಡ್ಡ ಆಸ್ತಿಯೇಕೆ ಎನ್ನಬೇಡಿ. ಯಾವ ಮರ ಯಾವ ತಿಂಗಳಲ್ಲಿ ಹಣ್ಣಾಗುವುದೋ ಹೇಳಲಾಗದು, ಹುಳುಗಳು ಒಂದೆಡೆ ಹೆಚ್ಚಿರುವುದಿಲ್ಲ. ಎದೆಯ ಗ್ರಂಥಿಯ ವಾಸನೆಯನ್ನು ಕೊಂಬೆಗಳಿಗೆ ಉಜ್ಜಿ ಅವು ತಮ್ಮ ಗಡಿಯನ್ನು ಗುರುತಿಸುತ್ತವೆ. ಗಡಿಯಲ್ಲಿ ಎರಡು ಸಂಸಾರ ಎದುರಾದರೆ ಉದ್ದನೆಯ ಕೂಗುಗಳ ವಾಗ್ಯುದ್ಧವೇ ನಡೆಯುತ್ತದೆ. ಕೈಕೈ ಮಿಲಾಯಿಸುವುದು ಅಪರೂಪ.

ಇನ್ನು ಸಂಸಾರದ ಒಳಗಿನ ಮಾತು. ಎರಡರಿಂದ ಎಂಟರವರೆಗೆ ಪ್ರಾಣಿಗಳಿರುವ ಮನೆಯಲ್ಲಿ ಸಾಮಾನ್ಯವಾಗಿ ಹೆರುವವಳು ಒಬ್ಬಳೇ, ಮನೆಯ ಯಜಮಾನಿ. ನಾಲ್ಕು ತಿಂಗಳು ಕಳೆದು ಕೆಲವು ದಿನಗಳಾದ ಮೇಲೆ ಅವಳು ಬಹುಮಟ್ಟಿಗೆ ಅವಳಿಗಳನ್ನೇ ಹೆರುತ್ತಾಳೆ. ಹುಟ್ಟಿದ ಎರಡು ಮರಿಗಳ ತೂಕ ಕೂಡಿಸಿದರೆ ತಾಯಿಯ ತೂಕದ ಐದರಲ್ಲೊಂದು ಪಾಲಿನ ಹತ್ತಿರ ಬರುತ್ತದೆ. ಇಂಥ ಭಾರವನ್ನು ಬೆನ್ನಮೇಲೆ ಹೊತ್ತು, ಕೊಂಬೆಯಿಂದ ಕೊಂಬೆಗೆ ಹಾರಿ, ಹೊಟ್ಟೆಯನ್ನೂ ಹೊರೆದು, ಇಬ್ಬರಿಗೂ ಹಾಲೂಡಿಸುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಆದುದರಿಂದ ಮೊದಲ ಕೆಲವು ವಾರಗಳು ಕಳೆದ ಮೇಲೆ ಮರಿಗಳು ತಾಯಿಯ ಬೆನ್ನಿನಿಂದ ತಂದೆಯ ಬೆನ್ನಿಗೆ ಬರುತ್ತವೆ. ಹಾಲು ಕುಡಿಯುವ ಹೊತ್ತಿಗೆ ಮಾತ್ರ ತಾಯಿಯ ಬಳಿ. ಉಳಿದ ವೇಳೆಯಲ್ಲಿ ಹೊರುವ ಹೊಣೆ ಹೆಚ್ಚಾಗಿ ತಂದೆಯದು. ಅವನಿಗೆ ದಣಿವಾದರೆ ಹಿಂದಿನ ವರ್ಷ ಹುಟ್ಟಿದ ಅಣ್ಣ ಅಕ್ಕಂದಿರು ಹೆಗಲು ಕೊಡುತ್ತಾರೆ. ಮರಿಗಳು ಸ್ವಲ್ಪ ಬೆಳೆದ ಮೇಲೆ ದೊಡ್ಡವು ಹುಳುವನ್ನು ಹಿಡಿದು ಒಂದು ವಿಶೇಷವಾದ ಕೂಗು ಹಾಕುತ್ತವೆ. ಮರಿಗಳು ಓಡಿಬಂದು ಕೈಯಿಂದ ಕಿತ್ತುಕೊಂಡು ತಿನ್ನುತ್ತವೆ. ಮುಂದೆ ಹುಳು ಅಡಗಿದ ಸಂದಿಯ ಹತ್ತಿರ ನಿಂತು, ತಾವು ಹಿಡಿಯದೆ ಅದೇ ಕೂಗು ಹಾಕುವುದೂ ಉಂಟು. ಮರಿ ಬಂದು ತಾನೇ ತಡಕಿ ಹಿಡಿಯಬೇಕು. ಇದು ಪಾಠ ಹೇಳುವ ಕ್ರಮವಲ್ಲದೆ ಮತ್ತೇನು?

ಈ ವಿವರವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಕೇಸರಿ ಕೋತಿ ಎಂಬುದು ಒಂಟಿ ಪ್ರಾಣಿಯ ಹೆಸರೆನ್ನುವುದಕ್ಕಿಂತ ಒಂದು ಅವಿಭಕ್ತ ಕುಟುಂಬದ ಹೆಸರೆಂದರೇ ಸರಿ. ಅದರಿಂದ ಒಬ್ಬರನ್ನು ಕಿತ್ತರೆ ಕಿತ್ತದ್ದೂ ಉಳಿಯದು, ಬಿಟ್ಟದ್ದೂ ಬಡವಾಗುತ್ತದೆ. ಈ ಒಂದು ಸಂಗತಿ ತಿಳಿಯದೆ ನಡೆದ ಚರಿತ್ರೆಯನ್ನು ಈಗ ನೋಡೋಣ.

1519ನೆಯ ಡಿಸೆಂಬರ್ ತಿಂಗಳಿನಲ್ಲಿ ಮ್ಯಾಗೆಲನ್ನನ ಹಡಗುಗಳು ಭೂಪ್ರದಕ್ಷಿಣೆಯ ದಾರಿಯಲ್ಲಿ ರಿಯೊ ಕೊಲ್ಲಿಯಲ್ಲಿ ಲಂಗರು ಹಾಕಿದವು. ಅವನೊಡನಿದ್ದ ಇಟಲಿಯ ಪಿಗಾಫೆಟ್ಟ ಎಂಬಾತನು ಬರೆದ ಪ್ರವಾಸ ವೃತ್ತಾಂತದಲ್ಲಿ, ಸಿಂಹವನ್ನು ಹೋಲುವ ಹಳದಿಬಣ್ಣದ ಬಹಳ ಸುಂದರವಾದ ಕಿರುಕೋತಿಗಳ ಪ್ರಸ್ತಾಪ ಬರುತ್ತದೆ. ಯೂರೋಪಿನವರ ಬರಹದಲ್ಲಿ ನಮ್ಮ ಕಥಾನಾಯಕನ ಪ್ರವೇಶ ಅದೇ. ಆಮೇಲೆ ಹೋಗಿಬರುವ ಹಡಗುಗಳಲ್ಲಿ ಗಿಳಿಗಳ ಜೊತೆಗೆ ಈ ಕೋತಿಗಳೂ ಸಾಗರ ದಾಟತೊಡಗಿದವು. ಹದಿನೆಂಟನೆಯ ಶತಮಾನದ ನಡುವೆ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಪ್ರೇಯಸಿ ಪಾಂಪದೂರ್ ಎಂಬ ಪ್ರಸಿದ್ಧ ಸ್ತ್ರೀಯ ಬಳಿ ಇಂಥದೊಂದು ಕೋತಿ ಇತ್ತು. 1766ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಇದಕ್ಕೆ ರೋಸಾಲಿಯ ಎಂಬ ಶಾಸ್ತ್ರೀಯ ನಾಮಧೇಯವನ್ನಿಟ್ಟನು. ಹೆಸರು ಬಂತು, ಪದವಿ ಬಂತು, ಅರಮನೆಯೂ ದೊರೆಯಿತು. ರೇಷ್ಮೆಯ ದಿಂಬಿನ ಮೇಲೆ ಒಂಟಿಯಾಗಿ ಕುಳಿತ ಆ ಪ್ರಾಣಿಗೆ ಬೆನ್ನಮೇಲೆ ಹೊರಲು ತಮ್ಮನಿಲ್ಲ, ಪಕ್ಕದಲ್ಲಿ ಮಲಗಲು ಅಣ್ಣನಿಲ್ಲ. ಈ ಮಾತು ಅರಮನೆಯಲ್ಲಿ ಯಾರಿಗೂ ತೋಚಿದಂತಿಲ್ಲ.

ಅತ್ತ ಅದರ ತವರಿನಲ್ಲಿ ಕಾಡು ಕರಗುತ್ತ ಬಂತು. ಬ್ರೆಜಿಲ್ ಎಂಬ ಹೆಸರೇ ಒಂದು ಮರದಿಂದ ಬಂದದ್ದು. ನಮ್ಮ ಪೂರ್ವದೇಶಗಳ ಪತಂಗದ ಚಕ್ಕೆಯಂತೆ ಕೆಂಪುಬಣ್ಣ ಕೊಡುವ ಮರವನ್ನು ಪೋರ್ಚುಗೀಸರು ಆ ಕರಾವಳಿಯಲ್ಲಿ ಕಂಡು ಕಡಿದು ಸಾಗಿಸಿದರು. ಹಿಂದೆಯೇ ಕಬ್ಬಿನ ಗದ್ದೆಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಬಂತು. ಅದು ಸೋತಲ್ಲಿ ದನಗಳ ಹುಲ್ಲುಗಾವಲಾಯಿತು. ಕಡಿದವರು ಗುಲಾಮರು, ಕಡಿಸಿದವರು ಧನಿಗಳು. 1832ನೆಯ ಏಪ್ರಿಲಿನಲ್ಲಿ ತರುಣ ಡಾರ್ವಿನ್ ರಿಯೊದಿಂದ ಮಕಾಯೆ ಎಂಬ ಊರಿನ ಕಡೆಗೆ ಕುದುರೆಯ ಮೇಲೆ ಹೋದದ್ದು ಈ ಸೀಮೆಯಲ್ಲಿಯೇ. ಕಾಡಿನ ವೈಭವಕ್ಕೆ ಅವನು ಬೆರಗಾದನು, ಗುಲಾಮಗಿರಿಯನ್ನು ಕಂಡು ನೊಂದನು. ಅವನು ಕಂಡ ಕಾಡು ಇಪ್ಪತ್ತನೆಯ ಶತಮಾನದ ಹೊತ್ತಿಗೆ ಹುಲ್ಲಿನ ಕಡಲಿನ ನಡುವೆ ಅಲ್ಲಲ್ಲಿ ಉಳಿದ ನಡುಗಡ್ಡೆಗಳಂತಾಯಿತು. ಮರದಿಂದ ಮರಕ್ಕೆ ಹೋಗುವ ಕೋತಿಗೆ ಬಯಲು ಎಂದರೆ ಕಡಲೇ.

ಕಾಡು ಇಲ್ಲದಾಗುತ್ತಿದ್ದಾಗ ಕೊಳ್ಳುವವರು ಮಾತ್ರ ಹೆಚ್ಚುತ್ತಲೇ ಇದ್ದರು. 1960ರ ದಶಕದ ಮೊದಲ ಭಾಗದಲ್ಲಿ ವರ್ಷಕ್ಕೆ 200ರಿಂದ 300 ಕೇಸರಿ ಕೋತಿಗಳು ಮೃಗಾಲಯಗಳಿಗೂ ಶ್ರೀಮಂತರ ಮನೆಗಳಿಗೂ ಹೊರದೇಶಕ್ಕೆ ಹೋಗುತ್ತಿದ್ದವೆಂದು ಅಂದಾಜು. ಇದನ್ನು ಕಂಡು ಕಳವಳಪಟ್ಟು ಮೊದಲು ದನಿಯೆತ್ತಿದವರು ಅಡೆಲ್ಮಾರ್ ಕೊಯಿಂಬ್ರಾ ಫಿಲ್ಯೊ ಎಂಬ ಬ್ರೆಜಿಲಿನ ವಿಜ್ಞಾನಿ. ಉಳಿದ ಕಾಡಿನ ತುಂಡುಗಳನ್ನು ಸುತ್ತಿ ಲೆಕ್ಕ ತೆಗೆದು, ಈ ಜಾತಿ ಅಳಿವಿನ ಅಂಚಿಗೆ ಬಂದಿದೆಯೆಂದು ಅವರು ಎಚ್ಚರಿಸಿದರು. 1967ರಲ್ಲಿ ಬ್ರೆಜಿಲ್ ಸರ್ಕಾರ ವನ್ಯಪ್ರಾಣಿಗಳ ಬೇಟೆ ಮತ್ತು ವ್ಯಾಪಾರವನ್ನು ತಡೆಯುವ ಕಾನೂನು ಮಾಡಿತು. 1974ರಲ್ಲಿ ಸಿಲ್ವ ಜಾರ್ದಿಂ ಊರಿನ ಬಳಿ ಪೊಸೊ ದಸ್ ಆಂತಾಸ್ ಎಂಬ ಮೀಸಲು ಕಾಡು ಏರ್ಪಟ್ಟಿತು. ಅದರ ವಿಸ್ತಾರ ಸುಮಾರು 5,000 ಹೆಕ್ಟೇರು. ಆ ದಶಕದ ಆದಿಯಲ್ಲಿ ಕಾಡಿನಲ್ಲಿ ಉಳಿದಿದ್ದ ಕೇಸರಿ ಕೋತಿಗಳು ಸುಮಾರು 200 ಮಾತ್ರ ಎಂದು ಹೇಳುತ್ತಾರೆ.

ಹೊರದೇಶದ ಮೃಗಾಲಯಗಳಲ್ಲಾದರೂ ಇವು ಕ್ಷೇಮವಾಗಿದ್ದವೆ? ಅಲ್ಲಿಯೂ ಇಲ್ಲ. ಪಂಜರದಲ್ಲಿದ್ದ ಎಪ್ಪತ್ತು ಚಿಲ್ಲರೆ ಪ್ರಾಣಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಮರಿಗಳು ಹುಟ್ಟುವುದು ಕಡಮೆ. ಹುಟ್ಟಿದವನ್ನು ಹೆತ್ತವರೇ ನೋಡಿಕೊಳ್ಳದೆ ಬಿಡುವುದು ಹೆಚ್ಚು. 1972ರ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ತಜ್ಞರ ಸಭೆಯೊಂದು ಸೇರಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಆ ನಗರದ ರಾಷ್ಟ್ರೀಯ ಮೃಗಾಲಯದ ವಿದುಷಿ ಡೆವ್ರಾ ಕ್ಲೈಮನ್ ಅವರು ಮುಂದಾಗಿ ನಿಂತು ಅದರ ಕಾರಣಗಳನ್ನು ಒಂದೊಂದಾಗಿ ಬಿಡಿಸಿದರು.

ಆ ಕಾರಣಗಳು ನಮಗೇನೂ ಹೊಸವಲ್ಲ. ಮೊದಲನೆಯದು ಆಹಾರ: ಕೋತಿಯೆಂದರೆ ಹಣ್ಣು ಎಂಬ ತಿಳಿವಳಿಕೆಯಿಂದ, ಹುಳುಹುಪ್ಪಟೆಗಳಲ್ಲಿರುವ ಪುಷ್ಟಿಯಂಶ ಅವಕ್ಕೆ ಸಾಕಷ್ಟು ದೊರೆಯುತ್ತಿರಲಿಲ್ಲ. ಎರಡನೆಯದು ವಸತಿ: ಪ್ರಾಯಕ್ಕೆ ಬಂದ ಹಲವು ಪ್ರಾಣಿಗಳನ್ನು ಒಂದೇ ಕಡೆ ಕೂಡಿಹಾಕಿದರೆ ಜಗಳ ಕಾಯುತ್ತಿದ್ದವು, ಗಂಡುಹೆಣ್ಣಿನ ಒಂದು ಜೋಡಿ ಮತ್ತು ಅವುಗಳ ಮಕ್ಕಳು, ಇದೇ ಅವುಗಳ ಮನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮರಿಗಳು ಸ್ವಲ್ಪ ಬೆಳೆಯುತ್ತಲೇ ಅವನ್ನು ತಂದೆತಾಯಿಗಳಿಂದ ಬೇರ್ಪಡಿಸುತ್ತಿದ್ದರು. ಹಾಗೆ ಬೆಳೆದವು ಮುಂದೆ ತಾವು ತಂದೆತಾಯಿಗಳಾದಾಗ ಮಕ್ಕಳನ್ನು ಏನು ಮಾಡಬೇಕೆಂದೇ ತಿಳಿಯದೆ ಹೋಗುತ್ತಿದ್ದವು. ತಮ್ಮ ತಂಗಿಯರನ್ನು ಹೊತ್ತು ಆಡಿಸಿದ ಮರಿಯೇ ಮುಂದೆ ಒಳ್ಳೆಯ ತಂದೆ, ಒಳ್ಳೆಯ ತಾಯಿ ಆಗತಕ್ಕದ್ದು. ಮಕ್ಕಳನ್ನು ಸಾಕುವುದು ಹುಟ್ಟುಗುಣದಿಂದಲೇ ಪೂರ್ತಿಯಾಗಿ ಬರುವ ವಿದ್ಯೆಯಲ್ಲ. ಕೂಡುಕುಟುಂಬದಲ್ಲಿ ಕೈಯಾರೆ ಮಾಡಿ ಕಲಿಯುವ ವಿದ್ಯೆ ಎಂಬುದು ಈ ಕಿರುಕೋತಿಗಳಿಂದ ಸಿದ್ಧವಾಯಿತು.

ಮರಿಗಳನ್ನು ಮನೆಯಲ್ಲೇ ಬಿಟ್ಟರು, ಆಹಾರವನ್ನು ತಿದ್ದಿದರು. ಬೇರೆ ಬೇರೆ ದೇಶಗಳ ಮೃಗಾಲಯಗಳಲ್ಲಿದ್ದ ಪ್ರತಿಯೊಂದು ಕೇಸರಿ ಕೋತಿಯ ವಂಶಾವಳಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಹತ್ತಿರದ ರಕ್ತಸಂಬಂಧ ತಪ್ಪಿಸಿ ಜೋಡಿಗಳನ್ನು ಗೊತ್ತುಮಾಡಿದರು. ಗೋತ್ರ ನೋಡಿ ಸಂಬಂಧ ಬೆಳೆಸುವ ಹಿರಿಯರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಎಪ್ಪತ್ತು ಹೋಗಿ ಕೆಲವು ನೂರಾಯಿತು. 1990ರ ಸುಮಾರಿಗೆ ಈ ಪ್ರಾಣಿಗಳ ಒಡೆತನವನ್ನು ಮೃಗಾಲಯಗಳು ಬ್ರೆಜಿಲ್ ದೇಶಕ್ಕೇ ಒಪ್ಪಿಸಿ, ತಾವು ಪೋಷಕರಾಗಿ ಮಾತ್ರ ಉಳಿದವು.

ಪಂಜರದಲ್ಲಿ ಬೆಳೆದ ಸಂತಾನವನ್ನು ಕಾಡಿಗೆ ಮರಳಿಸುವ ಕಾರ್ಯ 1984ರಲ್ಲಿ ಆರಂಭವಾಯಿತು. ಬೆಂಜಮಿನ್ ಬೆಕ್ ಮೊದಲಾದವರು ಇದನ್ನು ನಡೆಸಿದರು. ಮೊದಲ ಫಲ ದುಃಖಕರ. ಕಾಡಿಗೆ ಬಿಟ್ಟ ಮೊದಲ ತಂಡದಲ್ಲಿ ಹೆಚ್ಚಿನವು ವರ್ಷದೊಳಗೆ ಇಲ್ಲವಾದವು. ಪಂಜರದ ಕೊಂಬೆ ಗಟ್ಟಿಯಾಗಿ ನಿಂತಿರುತ್ತದೆ, ಕಾಡಿನ ಕೊಂಬೆ ಕಾಲಿಟ್ಟರೆ ಬಾಗುತ್ತದೆ. ಅವಕ್ಕೆ ಅದೇ ಭಯ. ಬಟ್ಟಲಿನಲ್ಲಿ ಊಟ ಬರುವುದನ್ನು ಕಂಡವಕ್ಕೆ ಸಂದಿಯಲ್ಲಿ ಹುಳುವಿರುತ್ತದೆಂದು ಗೊತ್ತಿಲ್ಲ. ದಾರಿ ತಪ್ಪಿದರೆ ಮನೆಗೆ ಬರಲು ತಿಳಿಯದು. ಬಿಡುವ ಮುಂಚೆ ಅವಕ್ಕೆ ಪಾಠ ಕಲಿಸಲು ಬಗೆಬಗೆಯಾಗಿ ಯತ್ನಿಸಿದರು; ವಾಷಿಂಗ್ಟನ್ನಿನ ಮೃಗಾಲಯದ ಮರಗಳ ಮೇಲೆ ಬೇಸಗೆಯಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟದ್ದೂ ಉಂಟು. ಕಡೆಗೆ ತಿಳಿದುಬಂದದ್ದು ಇಷ್ಟು: ದೊಡ್ಡವಕ್ಕೆ ಪಾಠ ಹೇಳುವುದಕ್ಕಿಂತ, ಕಾಡಿಗೆ ಬಿಟ್ಟ ಮೇಲೆ ಬಹುಕಾಲ ಊಟವಿತ್ತು, ಗೂಡಿತ್ತು, ಕಾವಲಿದ್ದು ನೋಡಿಕೊಳ್ಳುವುದು ಮೇಲು. ಅಷ್ಟರಲ್ಲಿ ಅಲ್ಲಿಯೇ ಅವಕ್ಕೆ ಮರಿಗಳಾಗುತ್ತವೆ. ಕಾಡಿನಲ್ಲಿ ಹುಟ್ಟಿದ ಆ ಮರಿಗಳು ಬಾಗುವ ಕೊಂಬೆಗೆ ಹೆದರುವುದಿಲ್ಲ. ಹೆತ್ತವರು ಕಲಿಯಲಾರದ್ದನ್ನು ಮಕ್ಕಳು ಕಲಿತರು. ಸುಮಾರು ನೂರೈವತ್ತು ಪ್ರಾಣಿಗಳನ್ನು ಹೀಗೆ 2000ದವರೆಗೆ ಬಿಟ್ಟರು. ಅವುಗಳ ಸಂತತಿ ಕಾಡಿನ ಒಟ್ಟು ಸಂಖ್ಯೆಯ ಮೂರರಲ್ಲೊಂದು ಪಾಲಿನಷ್ಟು ಬೆಳೆಯಿತು. ಒಂಟಿ ಕಾಡುತುಂಡುಗಳಲ್ಲಿ ಸಿಕ್ಕಿಬಿದ್ದಿದ್ದ ಆರು ಕುಟುಂಬಗಳನ್ನು, ಸಂಸಾರ ಮುರಿಯದಂತೆ ಒಟ್ಟೊಟ್ಟಾಗಿ ಹಿಡಿದು ದೊಡ್ಡ ಕಾಡಿಗೆ ಸಾಗಿಸಿದರು. ಆ ಕಾಡು 1998ರಲ್ಲಿ ಉನಿಯಾಂವ್ ಎಂಬ ಮೀಸಲು ಪ್ರದೇಶವಾಯಿತು.

ಆದರೂ ಉಳಿದ ಕಾಡಿನ ಬಹುಭಾಗ ಸರ್ಕಾರದ್ದಲ್ಲ, ರೈತರದು. ಅವರ ಮನಸ್ಸು ಒಲಿಯದೆ ಯಾವ ಕೆಲಸವೂ ಸಾಗದು. ಶಾಲೆಗಳಲ್ಲಿ, ಸಂತೆಗಳಲ್ಲಿ ತಿಳಿವಳಿಕೆ ಹಬ್ಬಿಸುವ ಕೆಲಸ 1980ರ ದಶಕದಲ್ಲಿಯೇ ಮೊದಲಾಗಿತ್ತು. 1992ರಲ್ಲಿ ಸ್ಥಳೀಯರದೇ ಒಂದು ಸಂಘ ಈ ಕೋತಿಯ ಹೆಸರಿನಲ್ಲಿ ಸ್ಥಾಪಿತವಾಯಿತು. ಎಷ್ಟೋ ಜಮೀನುದಾರರು ತಮ್ಮ ನೆಲದಲ್ಲಿ ಕೇಸರಿ ಕೋತಿಯ ಸಂಸಾರಗಳಿಗೆ ಇಂಬುಕೊಟ್ಟರು. ಕಾಡಿನ ತುಂಡುಗಳ ನಡುವೆ ಸಸಿ ನೆಟ್ಟು ಹಸುರಿನ ಓಣಿಗಳನ್ನು ಬೆಳೆಸುವ ಕೆಲಸ ನಡೆಯಿತು. ಪ್ರಾಯಕ್ಕೆ ಬಂದ ಮಗನೋ ಮಗಳೋ ಮನೆ ಬಿಟ್ಟು ಬೇರೆ ಮನೆ ಸೇರಲು ದಾರಿ ಬೇಕಲ್ಲ! 2020ರಲ್ಲಿ ಆ ಸೀಮೆಯನ್ನು ಸೀಳಿ ಹೋಗುವ ಹೆದ್ದಾರಿಯ ಮೇಲೆ ಗಿಡಮರ ಬೆಳೆಸಿದ ಸೇತುವೆಯೊಂದು ಮುಗಿಯಿತು. ಅದು ಮನುಷ್ಯರಿಗಾಗಿ ಕಟ್ಟಿದ್ದಲ್ಲ. 2002ರಲ್ಲಿ ಹೊರಬಂದ ಬ್ರೆಜಿಲಿನ 20 ರಿಯಲ್ ನೋಟಿನ ಮೇಲೆ ಈ ಕೋತಿಯ ಚಿತ್ರವಿದೆ. ಹಿಂದೆ ಹಣಕ್ಕಾಗಿ ಮಾರಿದ ಪ್ರಾಣಿ ಹೀಗೆ ಹಣದ ಮೇಲೆಯೇ ಬಂದು ಕುಳಿತಿತು.

2003ರಲ್ಲಿ ಅಳಿವಿನ ತೀವ್ರ ಭೀತಿಯ ಪಟ್ಟಿಯಿಂದ ಇದನ್ನು ಒಂದು ಮೆಟ್ಟಿಲು ಇಳಿಸಿದರು. 2014ರ ಗಣತಿಯಲ್ಲಿ 3,700 ಎಂದು ಲೆಕ್ಕ ಬಂತು. ಎಲ್ಲವೂ ಸುಸೂತ್ರವಾಯಿತೆನ್ನುವಷ್ಟರಲ್ಲಿ ಹಳದಿ ಜ್ವರ ಕಾಡಿಗೆ ನುಗ್ಗಿತು. ಇದು ಸೊಳ್ಳೆಯಿಂದ ಹರಡುವ ರೋಗ. ಮನುಷ್ಯರಿಗೂ ಕೋತಿಗಳಿಗೂ ಸಮಾನ ಶತ್ರು. ಕೋತಿಯೇ ರೋಗ ತರುವುದೆಂದು ತಪ್ಪು ತಿಳಿದು ಕೋತಿಗಳನ್ನು ಕೊಂದವರೂ ಬ್ರೆಜಿಲಿನಲ್ಲಿದ್ದರು. ವಾಸ್ತವವಾಗಿ ಮೊದಲು ಸತ್ತು ಬೀಳುವ ಕೋತಿ ಊರಿಗೆ ಎಚ್ಚರಿಕೆ ಕೊಡುವ ಕಾವಲುಗಾರನಿದ್ದಂತೆ. 2018ರ ಸುಮಾರಿಗೆ ಕೇಸರಿ ಕೋತಿಗಳ ಸಂಖ್ಯೆ 2,500ಕ್ಕೆ ಕುಸಿಯಿತು. ಮೂವತ್ತು ವರ್ಷ ಕಟ್ಟಿದ್ದರಲ್ಲಿ ಮೂರನೆಯ ಒಂದು ಪಾಲು ಎರಡು ಮಳೆಗಾಲಗಳಲ್ಲಿ ಹೋಯಿತು. ಆಗ ವಿಜ್ಞಾನಿಗಳು ಹೊಸ ಸಾಹಸಕ್ಕೆ ಕೈಯಿಟ್ಟರು. ಬಾಳೆಹಣ್ಣನ್ನಿಟ್ಟು ಬೋನಿನಲ್ಲಿ ಹಿಡಿದು, ಲಸಿಕೆ ಚುಚ್ಚಿ, ಸಂಸಾರಸಮೇತ ಅದೇ ಜಾಗಕ್ಕೆ ತಂದು ಬಿಡುವ ಕಾರ್ಯವನ್ನು 2021ರಲ್ಲಿ ಕೈಗೊಂಡರು. ನೂರಾರು ಕೋತಿಗಳಿಗೆ ಲಸಿಕೆಯಾಯಿತು. ಕಾಡುಗಳು ಒಂದಕ್ಕೊಂದು ಕೂಡಿಕೊಂಡಿದ್ದ ಕಡೆ ನಷ್ಟವನ್ನು ತುಂಬಿಕೊಳ್ಳುವುದೂ ಸಾಧ್ಯವಾಯಿತು. 2023ರಲ್ಲಿ ಪ್ರಕಟವಾದ ಗಣತಿಯಂತೆ ಕಾಡಿನಲ್ಲಿರುವ ಕೇಸರಿ ಕೋತಿಗಳು ಸುಮಾರು 4,800.

ಇಷ್ಟಾಯಿತೆಂದು ಕಥೆ ಮುಗಿಯಲಿಲ್ಲ. 2024ರ ಫೆಬ್ರವರಿಯಲ್ಲಿ ಪಶ್ಚಿಮ ಆಫ್ರಿಕದ ಟೋಗೊ ದೇಶದ ತೀರದಲ್ಲಿ ಹಿಡಿದ ದೋಣಿಯೊಂದರಲ್ಲಿ, ಕಳ್ಳಸಾಗಣೆಯ ಗಿಳಿಗಳ ಜೊತೆಗೆ 17 ಕೇಸರಿ ಕೋತಿಗಳು ಸಿಕ್ಕಿದವು. ಪಾಂಪದೂರಳ ಕಾಲದ ಆಸೆ ಇನ್ನೂ ಸತ್ತಿಲ್ಲ. ಚೆಂದದ ಜೀವಿಯನ್ನು ತನ್ನದಾಗಿಸಿಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆಂಬ ಬಯಕೆಯನ್ನು ಜನ ಪ್ರೀತಿಯೆಂದೇ ಕರೆಯುತ್ತಾರೆ. ನಾಲ್ಕೂವರೆ ಶತಮಾನ ಆ ಪ್ರೀತಿಯಿಂದ ಕೇಸರಿ ಕೋತಿಗೆ ಆದದ್ದು ಕೇಡು ಮಾತ್ರ. ಅದು ಯಾರ ಜೊತೆಯಲ್ಲಿ ಮಲಗುತ್ತದೆ, ಯಾರ ಬೆನ್ನೇರುತ್ತದೆ, ಯಾರಿಂದ ಕಲಿಯುತ್ತದೆ ಎಂದು ಕೆಲವರು ತಾಳ್ಮೆಯಿಂದ ಕುಳಿತು ನೋಡಿದರು. ಐವತ್ತು ವರ್ಷಗಳಲ್ಲಿ 200 ಎಂಬುದು 4,800 ಆಯಿತು. ನಮ್ಮ ಮನೆಯ ಮಕ್ಕಳು ಗಿಳಿಯನ್ನೋ ಮುನಿಯ ಹಕ್ಕಿಯನ್ನೋ ಪಂಜರದಲ್ಲಿಡಬೇಕೆಂದು ಹಟ ಹಿಡಿದಾಗ, ಗದರುವ ಬದಲು ಈ ಕಥೆಯನ್ನು ಹೇಳಿ ನೋಡಬಹುದು. ಆ ಹಕ್ಕಿಗೂ ಎಲ್ಲಿಯೋ ಒಂದು ಪೊಟರೆಯಿದೆ, ಅದರಲ್ಲಿ ಅದರ ಸಂಸಾರವಿದೆ ಎಂದು ತಿಳಿದ ಮಗು ತಾನಾಗಿಯೇ ಪಂಜರದ ಬಾಗಿಲು ತೆರೆದೀತು.